ಬೈನಾರಲ್ ಬೀಟ್ಸ್: ತಾಳವೋ, ಬಡಿತವೋ, ಮಿಡಿತವೋ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಕಿವಿ ಮತ್ತು ಮಿದುಳಿನ ಬಗ್ಗೆ ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. ‘ಬೈನಾರಲ್ ಬೀಟ್ಸ್’ ಹತ್ತಿರ ಬಂದು, ಅದಕ್ಕೆ ಒಳ್ಳೆಯ ಕನ್ನಡ ಪದ ಸಿಗದೆ ಗಾಡಿ ನಿಂತಿದೆ. ನಿದ್ದೆ ಬರಲಿ, ಓದಿನಲ್ಲಿ ಮನಸ್ಸು ನಿಲ್ಲಲಿ ಅಂತ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಗುಂಯ್‌ಗುಡುತ್ತದಲ್ಲ, ಅದೇ. ಮೊದಲು ‘ದ್ವಿಕರ್ಣ ತಾಳ’ ಅಂತ ಬರೆದೆ. ಓದಿದ ಮಗಳು “ಮೃದಂಗ ಯಾರು ನುಡಿಸ್ತಾರೆ?” ಅಂದಳು. ಹೊಡೆದು ಹಾಕಿದೆ.

ತಂಬೂರಿ ಶ್ರುತಿ ಮಾಡಿದವರಿಗೆ ‘ಬೀಟ್’ ಹೊಸದಲ್ಲ. ಸಾರಣೆ, ಅನುಸಾರಣೆ ಅನ್ನುವ ನಡುವಿನ ಎರಡೂ ತಂತಿಗಳು ಒಂದೇ ಷಡ್ಜಕ್ಕೆ (‘ಸ’ ಸ್ವರಕ್ಕೆ) ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೂ ನಾದ ವೊಂಯ್ ವೊಂಯ್ ಅಂತ ಉಬ್ಬಿ ಇಳಿಯುತ್ತದೆ. ತಂತಿಗಳು ಹತ್ತಿರವಾದ ಹಾಗೆ ಅದು ನಿಧಾನವಾಗಿ, ಕೊನೆಗೆ ನಿಂತೇಬಿಡುತ್ತದೆ. ಇದು ಗಾಳಿಯಲ್ಲೇ ಆಗುವ ಕೆಲಸ. ಎರಡು ಅಲೆ ಒಂದೊಮ್ಮೆ ಕೂಡುತ್ತವೆ, ಒಂದೊಮ್ಮೆ ಕಳೆಯುತ್ತವೆ.

ಬೈನಾರಲ್‌ನಲ್ಲಿ ಮಜಾ ಬೇರೆ. ಹೆಡ್‌ಫೋನಿನಲ್ಲಿ ಎಡಗಿವಿಗೆ 400 ಹರ್ಟ್ಸ್ (ಅಂದರೆ ಸೆಕೆಂಡಿಗೆ 400 ಕಂಪನ), ಬಲಗಿವಿಗೆ 410 ಹರ್ಟ್ಸ್ ಕೊಡಿ. ಗಾಳಿಯಲ್ಲಿ ಅವು ಸೇರುವುದೇ ಇಲ್ಲ. ಆದರೂ ಸೆಕೆಂಡಿಗೆ 10 ಸಲ ಅದುರುವ ಒಂದೇ ಸ್ವರ ತಲೆಯೊಳಗೆ ಕೇಳುತ್ತದೆ. ಒಂದು ಕಿವಿಯದನ್ನು ತೆಗೆಯಿರಿ, ಅದುರಾಟ ಮಾಯ! ಅಂದರೆ ಅದು ಹುಟ್ಟಿದ್ದು ಮಿದುಳಿನಲ್ಲಿ. ಎರಡೂ ಕಿವಿಯ ಸುದ್ದಿ ಮೊದಲು ಒಂದುಗೂಡುವುದು ಮಿದುಳಿನ ಬುಡದ ಕಾಂಡದಲ್ಲಿ. ಸದ್ದು ಯಾವ ಕಡೆಯಿಂದ ಬಂತು ಎಂದು ಲೆಕ್ಕ ಹಾಕುವ ನರಕೋಶಗಳೂ ಅಲ್ಲೇ ಇವೆ. ಸ್ವರ 1000 ಹರ್ಟ್ಸ್ ದಾಟುತ್ತಾ ಹೋದರೆ ಈ ಆಟ ಮಸುಕಾಗುತ್ತದೆ. ಎರಡರ ನಡುವಿನ ಅಂತರ ಸುಮಾರು 30 ಹರ್ಟ್ಸ್ ಮೀರಿದರೆ ಎರಡು ಬೇರೆ ಸ್ವರಗಳಾಗಿಯೇ ಕೇಳುತ್ತವೆ. ಪ್ರಷ್ಯಾದ ಭೌತವಿಜ್ಞಾನಿ ಹೈನ್ರಿಚ್ ಡೋವ್ ಇದನ್ನು 1839ರಲ್ಲೇ ಗಮನಿಸಿದ್ದ. ಜೀವಭೌತ ವಿಜ್ಞಾನಿ ಜೆರಾಲ್ಡ್ ಆಸ್ಟರ್ 1973ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಮೇಲೆ ಜಾಸ್ತಿ ಜನಕ್ಕೆ ಗೊತ್ತಾಯಿತು.

ಈಗ ಪದಕ್ಕೆ ಬರೋಣ. ‘ಬಡಿತ’ ಅಂದರೆ ಏನೋ ಯಾವುದಕ್ಕೋ ತಾಗಬೇಕು. ಇಲ್ಲಿ ಯಾವುದೂ ತಾಗುವುದಿಲ್ಲ. ಎದೆಬಡಿತ ಅನ್ನುತ್ತೇವಲ್ಲ ಅಂತೀರಿ. ಅಲ್ಲಿ ಎದೆಗೂಡಿಗೆ ಗುದ್ದಿದ ಹಾಗೆ ನಮಗೇ ಅನಿಸುತ್ತದೆ. ಹಿಂದಿಯವರು ‘ವಿಸ್ಪಂದ’ ಅನ್ನುತ್ತಾರೆ. ಪರೀಕ್ಷೆಗೆ ಸರಿ, ಬಾಯಿಗೆ ಒಗ್ಗುವುದಿಲ್ಲ. ನನ್ನ ಒಲವು ‘ಮಿಡಿತ’ದ ಕಡೆ. ನಾಡಿಯೂ ಮಿಡಿಯುತ್ತದೆ, ತಂತಿಯನ್ನೂ ಮಿಡಿಯುತ್ತೇವೆ. ಒಳಗಿನದೂ ಹೌದು, ನಾದದ್ದೂ ಹೌದು. ಒಂದೇ ಅಳುಕು: ‘ಮನ ಮಿಡಿಯಿತು’ ಅನ್ನುವ ಕಣ್ಣೀರಿನ ಅರ್ಥ ಸುಮ್ನೆ ಹಿಂದೆ ಬಂದು ನಿಲ್ಲುತ್ತದೆ.

‘ಬೈನಾರಲ್’ಗೆ ‘ಇಕ್ಕಿವಿ’ ಹೇಗೆ? ಇಕ್ಕೆಲ, ಮುಕ್ಕಣ್ಣ ಇರುವಾಗ ಇಕ್ಕಿವಿ ಯಾಕೆ ಬೇಡ? ಇಕ್ಕಿವಿ ಮಿಡಿತ. ಮಗಳು ನಕ್ಕಳು, ಆದರೆ ಮರೆಯಲಿಲ್ಲ.

ಇನ್ನೊಂದು ತೊಡಕು ‘ಎಂಟ್ರೇನ್‌ಮೆಂಟ್’. ಹೊರಗಿನ ಲಯಕ್ಕೆ ಮಿದುಳಿನ ವಿದ್ಯುತ್ ಅಲೆಗಳು ಹೆಜ್ಜೆ ಹಾಕುವುದು. ‘ಲಯ ಹಿಡಿಯುವುದು’ ಅಂದರೆ ಸಾಕೇ? ‘ಲಯ ಚಿಕಿತ್ಸೆ’ ಮಾತ್ರ ಬೇಡ ಅಂತ ಗಟ್ಟಿಯಾಗಿ ಹೇಳುತ್ತೇನೆ. ಯಾಕೆಂದರೆ ಬೈನಾರಲ್ ಬೀಟ್ಸ್ ಕೇಳಿದರೆ ಮಿದುಳು ನಿಜವಾಗಿ ಲಯ ಹಿಡಿಯುತ್ತದೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಪ್ಲಾಸ್ ಒನ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ 2023ರಲ್ಲಿ ಬಂದ ಒಂದು ಅವಲೋಕನ 14 ಅಧ್ಯಯನಗಳನ್ನು ನೋಡಿತ್ತು. 5 ಹೌದು ಅಂದವು, 8 ಇಲ್ಲ ಅಂದವು, ಇನ್ನೊಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿತು. ಇಷ್ಟು ಅನುಮಾನ ಇರುವಾಗ ಹೆಸರಿನಲ್ಲೇ ಔಷಧಿ ಬೆರೆಸಬಾರದು ಅಲ್ವಾ?

ತಂಬೂರಿ ಹಿಡಿದವರು, ವೀಣೆ ಕಲಿಸುವವರು ಇಲ್ಲಿದ್ದೀರಿ. ಶ್ರುತಿ ಸೇರುವ ಮುಂಚಿನ ಆ ವೊಂಯ್ ವೊಂಯ್‌ಗೆ ನಿಮ್ಮ ಮನೆಯಲ್ಲಿ, ಗುರುಗಳ ಬಾಯಲ್ಲಿ ಏನಾದರೂ ಹೆಸರು ಇತ್ತೇ? ಇದ್ದರೆ ‘ಮಿಡಿತ’ವನ್ನು ಖುಷಿಯಿಂದ ಬಿಟ್ಟುಕೊಡುತ್ತೇನೆ.