ಗೋಡೆಯೊಳಗೆ ಯಾವ ಪೈಪ್, ಹೊರಗೆ ಯಾವ ಪೈಪ್?

ಹೊಸಮನೆ_30x40: ನೆಲಮಹಡಿ, ಮೇಲೊಂದು ಮಹಡಿ. ಸಂಪ್, ತಾರಸಿಯಲ್ಲಿ ಟ್ಯಾಂಕ್, ಸೋಲಾರ್. ಪ್ಲಂಬರ್ ಬರೆದುಕೊಟ್ಟ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಸಿಪಿವಿಸಿ, ಯುಪಿವಿಸಿ, ಎಸ್‌ಡಬ್ಲ್ಯುಆರ್, ಸತು ಬಳಿದ ಕಬ್ಬಿಣದ ಜಿಐ, ನಾಲ್ಕೂ ಇವೆ. ಎಲ್ಲಾ ಕಡೆ ಒಂದೇ ಪ್ಲಾಸ್ಟಿಕ್ ಪೈಪ್ ಹಾಕಿದರೆ ಏನಾಗುತ್ತೆ?

ಹಳೇಪಾನಾ: ಬಿಸಿನೀರಿನ ಲೈನಿಗೆ ಬಿಳಿ ಯುಪಿವಿಸಿ ಹಾಕಿದರೆ ಮೆತ್ತಗಾಗಿ ಜೋತುಬೀಳುತ್ತೆ, ಆಮೇಲೆ ಜಾಯಿಂಟ್ ಬಿಡುತ್ತೆ. ಅದು ತಣ್ಣೀರಿಗೆ ಮಾತ್ರ. ಕೆನೆಬಣ್ಣದ ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತೆ, ಆದರೆ ಬಿಸಿ ಏರಿದಷ್ಟೂ ಅದರ ತಾಕತ್ತು ಇಳಿಯುತ್ತೆ: ಎಸ್‌ಡಿಆರ್ 11 (ಹೊರವ್ಯಾಸ ಪೈಪ್ ದಪ್ಪದ 11 ಪಟ್ಟು) ಪೈಪ್ 23 ಡಿಗ್ರಿಯಲ್ಲಿ ಚದರ ಸೆಂ.ಮೀ.ಗೆ 28 ಕೆ.ಜಿ. ಪ್ರೆಷರ್ ತಡೆದರೆ 82 ಡಿಗ್ರಿಯಲ್ಲಿ ಸುಮಾರು 7 ಕೆ.ಜಿ. ಅಷ್ಟೇ. ಹಾಗಂತ ಹೆದರಬೇಕಿಲ್ಲ, 10 ಮೀಟರ್ ಎತ್ತರದ ಟ್ಯಾಂಕ್ ಕೊಡೋದೇ 1 ಕೆ.ಜಿ. ಬಿಸಿನೀರಿಗೆ ಎಸ್‌ಡಿಆರ್ 11 ತಗೊಳ್ಳಿ. ಬಣ್ಣ ನೋಡಿ ಒಪ್ಪಬೇಡಿ, ಪೈಪ್ ಮೇಲಿನ ಅಚ್ಚು ಓದಿ: ಸಿಪಿವಿಸಿಗೆ ಐಎಸ್ (ಭಾರತೀಯ ಮಾನಕ) 15778.

ನಿಜವಾಗಿ ಸೋರೋದು ಜಾಯಿಂಟಲ್ಲಿ. ಸಿಪಿವಿಸಿಗೆ ಅದರದ್ದೇ ಸಲ್ಯೂಷನ್ (ಅಂಟು) ಬೇಕು, ಉಳಿದ ಪಿವಿಸಿ ಡಬ್ಬಿ ಬಳಿಯೋಕೆ ಬಿಡಬೇಡಿ. ನೇರವಾಗಿ ಕತ್ತರಿಸಿ, ಅಂಚಿನ ಚೂರು ಕೆರೆದು, ಪೈಪಿಗೆ ದಪ್ಪಗೆ, ಫಿಟ್ಟಿಂಗ್ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳ ಮುಟ್ಟುವವರೆಗೆ ಒತ್ತಿ 30 ಸೆಕೆಂಡ್ ಹಿಡೀಬೇಕು. ನಲ್ಲಿ ಬರುವ ಕಡೆಯೆಲ್ಲ ಹಿತ್ತಾಳೆ ಮರೆ (ಥ್ರೆಡ್) ಇರುವ ಎಲ್ಬೋ. ಅಲ್ಲಿ ಟೆಫ್ಲಾನ್ ಟೇಪ್ ಸಾಕು. ಸೆಣಬಿಗೆ ಪೇಂಟ್ ಬಳಿದು ಸುತ್ತುವ ಜಿಐ ಕಾಲದ ಪದ್ಧತಿ ಬೇಡ, ಆ ಪೇಂಟ್ ಸಿಪಿವಿಸಿಯನ್ನು ತಿಂದು ಬಿರುಕು ಬಿಡಿಸುತ್ತೆ.

ಛೇಂಬರ್: ಎಸ್‌ಡಬ್ಲ್ಯುಆರ್ ಹೊರಹೋಗುವ ನೀರಿಗೆ, ಪ್ರೆಷರಿಗಲ್ಲ. ಐಎಸ್ 13592ರಲ್ಲಿ ಟೈಪ್ ಎ ಮಳೆನೀರು, ಗಾಳಿ ಪೈಪಿಗೆ. ಟೈಪ್ ಬಿ ಕಮೋಡು, ಬಚ್ಚಲಿಗೆ. ಅಂಗಡಿಯವರು ಅಗ್ಗ ಅಂತ ಎ ಕೊಟ್ಟುಬಿಡ್ತಾರೆ, ನೋಡಿಕೊಳ್ಳಿ. ಕಮೋಡಿಗೆ 110 ಎಂ.ಎಂ., ಬಚ್ಚಲು-ಸಿಂಕಿಗೆ 75. ಇಳಿಜಾರು ಮೀಟರಿಗೆ 2 ಸೆಂ.ಮೀ. ರಬ್ಬರ್ ರಿಂಗ್ ಜಾಯಿಂಟಲ್ಲಿ ಪೈಪನ್ನು ಪೂರ್ತಿ ಒತ್ತಿ 10 ಎಂ.ಎಂ. ಹಿಂದಕ್ಕೆ ಎಳೆಯಿರಿ, ಬಿಸಿಲಿಗೆ ಹಿಗ್ಗೋಕೆ ಜಾಗ ಬೇಕು. ಗಾಳಿ ಪೈಪನ್ನು ತಾರಸಿ ದಾಟಿಸಿ ಮೇಲೆ ಕೌಲ್ (ಗಾಳಿಯಾಡುವ ಮುಚ್ಚಳ) ಕೂರಿಸಿ. ಅದಿಲ್ಲದಿದ್ದರೆ ಮೇಲಿನ ಮನೆ ಫ್ಲಶ್ ಮಾಡಿದಾಗ ಕೆಳಗಿನ ಟ್ರ್ಯಾಪಿನಲ್ಲಿ (ವಾಸನೆ ತಡೆಯುವ ಬಾಗು) ನಿಂತ ನೀರು ಎಳೆದುಕೊಂಡು ಹೋಗುತ್ತೆ, ಬಚ್ಚಲು ನಾರುತ್ತೆ. ಆಸಿಡ್ ಹಾಕಿ ತೊಳೆದರೂ ಹೋಗಲ್ಲ.

ಹೊಸಮನೆ_30x40: ಸೋಲಾರಿಗೆ ಜಿಐ ಬೇಕೇ ಬೇಕಾ?

ಹಳೇಪಾನಾ: ಟ್ಯಾಂಕಿನಿಂದ ಹೊರಡುವ ಮೊದಲ ಒಂದೂವರೆ-ಎರಡು ಮೀಟರಿಗೆ ಬೇಕು. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದರೆ ಅಲ್ಲಿ ನೀರು ಕುದಿಯೋ ಮಟ್ಟಕ್ಕೆ ಬಂದಿರುತ್ತೆ. ನೀಲಿ ಪಟ್ಟಿಯ ಬಿ ಕ್ಲಾಸ್ ಸಾಕು. ಅಲ್ಲಿಂದ ಮುಂದೆ ಸಿಪಿವಿಸಿ. ಇಡೀ ಮನೆಗೆ ಜಿಐ ಬೇಡ, ಬೋರ್‌ವೆಲ್ ಗಡಸು ನೀರಿಗೆ ಒಳಗೆ ಉಪ್ಪು ಕಟ್ಟಿ ಅರ್ಧ ಇಂಚಿನ ಪೈಪ್ ಪೆನ್ಸಿಲ್ ತೂತಾಗುತ್ತೆ. ಬಿಸಿಲಿಗೆ ಬೀಳುವ ಸಿಪಿವಿಸಿಗೆ ನೀರು ಬೆರೆಸುವ ಎಮಲ್ಷನ್ ಹೊಡೆಸಿ, ಎಣ್ಣೆ ಪೇಂಟ್ ಬೇಡ.

ಛೇಂಬರ್: ಕೊನೇ ಜಾಯಿಂಟ್ ಆಗಿ 24 ಗಂಟೆ ಬಿಟ್ಟು, ಪ್ಲಾಸ್ಟರಿಗೆ ಮುಂಚೆ ಟೆಸ್ಟ್ ಮಾಡಿಸಿ. ಎಲ್ಲ ಪಾಯಿಂಟಿಗೂ ಡಮ್ಮಿ (ಮುಚ್ಚುವ ಬಿರಡೆ) ಹಾಕಿ, ನೀರು ತುಂಬಿ ಒಳಗಿನ ಗಾಳಿ ಹೊರಬಿಟ್ಟು, ಹ್ಯಾಂಡ್‌ಪಂಪಲ್ಲಿ 10 ಕೆ.ಜಿ. ಏರಿಸಿ ಒಂದು ಗಂಟೆ ಪ್ರೆಷರ್ ಗೇಜಿನ ಮುಳ್ಳು ಇಳಿಯುತ್ತಾ ನೋಡಿ. ಕಂಪ್ರೆಸರ್ ಗಾಳಿಯಲ್ಲಿ ಟೆಸ್ಟ್ ಬೇಡ, ಒಡೆದರೆ ಚೂರು ಸಿಡಿಯುತ್ತೆ. ಗೋಡೆ ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಡಿ, ನಾಳೆ ಗೀಸರ್ ಮೊಳೆ ಹೊಡೆಯುವವನಿಗೆ ಬೇಕಾಗುತ್ತೆ.