ಗುಪ್ತನಾಮದಲ್ಲಿ ಬರುವ ಪ್ಯಾಚ್‌ಗಳನ್ನು ಸೇರಿಸಿಕೊಳ್ಳಬಹುದೇ?

ಪ್ರಶ್ನೆ

ಕನ್ನಡ ಪದಪರೀಕ್ಷಕವೊಂದನ್ನು ಮುಕ್ತ ತಂತ್ರಾಂಶವಾಗಿ ನಾವು ಮೂವರು ನಿರ್ವಹಿಸುತ್ತಿದ್ದೇವೆ. ಎಂಟು ತಿಂಗಳಿನಿಂದ ಒಬ್ಬರು ಗುಪ್ತನಾಮದಲ್ಲಿ ಪ್ಯಾಚ್‌ಗಳನ್ನು, ಅಂದರೆ ಕೋಡ್‌ಗೆ ತಿದ್ದುಪಡಿಗಳನ್ನು, ಕಳುಹಿಸುತ್ತಿದ್ದಾರೆ. ಸಂಧಿಯಾದ ಪದಗಳನ್ನು ಬಿಡಿಸಿ ನೋಡುವ ಭಾಗವನ್ನು ಅವರಷ್ಟು ಅಚ್ಚುಕಟ್ಟಾಗಿ ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ನಿಜವಾದ ಹೆಸರನ್ನು ಕೇಳಿದಾಗ, ಅದನ್ನು ತಿಳಿಸಲು ಸಾಧ್ಯವಿಲ್ಲವೆಂದೂ ಕಾರಣವನ್ನು ಕೇಳಬಾರದೆಂದೂ ವಿನಯದಿಂದ ಬರೆದರು. ಇಂಥ ಕೋಡ್‌ನಿಂದ ಮುಂದೆ ಕಾನೂನಿನ ತೊಡಕು ಬರುತ್ತದೆ ಎಂಬುದು ಉಳಿದಿಬ್ಬರ ಅಭಿಪ್ರಾಯ. ಇಷ್ಟು ಒಳ್ಳೆಯ ಕೆಲಸವನ್ನು ಹಿಂದಿರುಗಿಸಲು ನನಗೆ ಮನಸ್ಸು ಬರುತ್ತಿಲ್ಲ. ದೊಡ್ಡ ಯೋಜನೆಗಳಲ್ಲಿ ಯಾವ ಪದ್ಧತಿಯಿದೆ?

ಉತ್ತರ 1

ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಉದಾಹರಣೆ ನಿಮಗೆ ನೆರವಾಗಬಹುದು. 2003ರಲ್ಲಿ ಎಸ್‌ಸಿಓ ಕಂಪನಿಯು ಐಬಿಎಂ ಮೇಲೆ ಮೊಕದ್ದಮೆ ಹೂಡಿ, ತನ್ನ ಕೋಡ್ ಲಿನಕ್ಸ್‌ಗೆ ಸೇರಿದೆ ಎಂದು ವಾದಿಸಿದಾಗ, ಯಾವ ಸಾಲು ಯಾರಿಂದ ಬಂತು ಎಂಬುದಕ್ಕೆ ದಾಖಲೆ ಇರಬೇಕೆಂಬ ಅರಿವು ಮೂಡಿತು. ಅದರ ಫಲವಾಗಿ 2004ರಲ್ಲಿ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್ (ಈ ಕೋಡ್ ಅನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣಪತ್ರ) ಬಂದಿತು. ಪ್ರತಿ ಪ್ಯಾಚ್‌ನ ಕೊನೆಯಲ್ಲಿರುವ 'ಸೈನ್ಡ್-ಆಫ್-ಬೈ' ಎಂಬ ಸಾಲು ಆ ಪ್ರಮಾಣಪತ್ರಕ್ಕೆ ಹಾಕಿದ ಸಹಿ. ನಿಜವಾದ ಹೆಸರೇ ಬೇಕು, ಗುಪ್ತನಾಮ ಸಲ್ಲದು ಎಂಬ ವಾಕ್ಯವು 2006ರಲ್ಲಿ ಮಾರ್ಗಸೂಚಿಗೆ ಸೇರಿತು. 2023ರ ಫೆಬ್ರವರಿಯಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಅವರೇ ಅದನ್ನು ತಿದ್ದಿ, 'ಪರಿಚಿತ ಗುರುತು' ಇದ್ದರೆ ಸಾಕು ಎಂದು ಮಾಡಿದರು. ಅನಾಮಧೇಯ ಕೊಡುಗೆಗೆ ಇಂದಿಗೂ ಅಲ್ಲಿ ಅವಕಾಶವಿಲ್ಲ. ನಾಳೆ ಪ್ರಶ್ನೆಯೊಂದು ಎದ್ದರೆ ಅದೇ ವ್ಯಕ್ತಿಯನ್ನು ಮತ್ತೆ ತಲುಪಬಹುದೇ ಎಂಬುದಷ್ಟೇ ಅವರಿಗೆ ಮುಖ್ಯ. ಎಂಟು ತಿಂಗಳಿನಿಂದ ಒಂದೇ ವಿಳಾಸದಿಂದ ಬರೆಯುತ್ತಿರುವವರು ನನ್ನ ಲೆಕ್ಕದಲ್ಲಿ ಅನಾಮಧೇಯರಲ್ಲ.

ಉತ್ತರ 2

ಕಡತಗಳನ್ನು ಕುಗ್ಗಿಸುವ ಮುಕ್ತ ತಂತ್ರಾಂಶವಾದ ಎಕ್ಸ್‌ಝಡ್‌ನ ಪ್ರಕರಣದ ನಂತರ, ಗುರುತು ತಿಳಿಯದವರನ್ನು ನಂಬುವ ಧೈರ್ಯ ನನಗಿಲ್ಲ. 2021ರಿಂದ ಪ್ಯಾಚ್ ಕಳುಹಿಸುತ್ತ ವಿಶ್ವಾಸ ಗಳಿಸಿದ 'ಜಿಯಾ ಟಾನ್' ಎಂಬ ಹೆಸರಿನವರು ಕೊನೆಗೆ ನಿರ್ವಾಹಕರೂ ಆಗಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು (ಗುಟ್ಟಾಗಿ ಒಳನುಗ್ಗುವ ದಾರಿಯನ್ನು) ಇಟ್ಟರು. ಆ ಹೆಸರಿನ ಹಿಂದೆ ಇದ್ದವರು ಯಾರೆಂದು ಇಂದಿಗೂ ಬಹಿರಂಗವಾಗಿಲ್ಲ.

ಉತ್ತರ 3

ನಿಮ್ಮ ಆತಂಕ ನ್ಯಾಯವಾದುದು, ಆದರೆ 'ಜಿಯಾ ಟಾನ್' ಎಂಬ ಹೆಸರು ನೋಡುವವರಿಗೆ ಸಾಮಾನ್ಯ ಹೆಸರಿನಂತೆಯೇ ಇತ್ತು. ನಿಜವಾದ ಹೆಸರು ಬೇಕೆಂಬ ನಿಯಮವನ್ನು ಅದು ಸಲೀಸಾಗಿ ದಾಟಿಬಿಡುತ್ತಿತ್ತು. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಆಂಡ್ರೆಸ್ ಫ್ರಾಯಂಡ್ ಎಂಬ ಅಭಿವರ್ಧಕರು ಗಮನಿಸಿ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್ 29ರಂದು ಸಂಗತಿ ಹೊರಬಿತ್ತು. ಹಿಂಬಾಗಿಲನ್ನು ಜೋಡಿಸುವ ಸ್ಕ್ರಿಪ್ಟ್ ಕೋಡ್ ಇಡುವ ಗಿಟ್ ಭಂಡಾರದಲ್ಲಿರದೆ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಹಂಚಲೆಂದು ಕಟ್ಟಿದ ಕಡತಗಳ ಗಂಟಿನಲ್ಲಿ) ಮಾತ್ರ ಇತ್ತು. ಉಳಿದ ಭಾಗ ಪರೀಕ್ಷೆಗೆಂದು ಸೇರಿಸಿದ ಬೈನರಿ ಕಡತಗಳಲ್ಲಿ ಅಡಗಿತ್ತು. ಆದ್ದರಿಂದ ಪ್ಯಾಚ್ ಸ್ವೀಕರಿಸುವುದನ್ನೂ ಬಿಡುಗಡೆಯ ಅಧಿಕಾರ ಕೊಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪ್ಯಾಚ್ ಅನ್ನು ಓದಿ ಪರೀಕ್ಷಿಸಬಹುದು, ಆದರೆ ಬಿಡುಗಡೆಯ ಕೀಲಿ ಒಮ್ಮೆ ಕೈಬದಲಾದರೆ ನಿಮ್ಮ ಪರಿಶೀಲನೆಗೆ ಬೆಲೆಯೇ ಉಳಿಯುವುದಿಲ್ಲ.

ಉತ್ತರ 4

ಕಾನೂನಿನ ಬಗ್ಗೆ ಇಷ್ಟು ಹೇಳಬಲ್ಲೆ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಅದರ 23ನೇ ಸೆಕ್ಷನ್ ಗುಪ್ತನಾಮದ ಕೃತಿಗೆ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳ ಹಕ್ಕನ್ನು ಕೊಡುತ್ತದೆ. ಕಾವ್ಯನಾಮದಲ್ಲಿ ಬರೆದ ಕವಿಗೆ ಇರುವ ಹಕ್ಕು ಈ ಅಭಿವರ್ಧಕರಿಗೂ ಇದೆ. ಅದನ್ನು ಪರವಾನಗಿಯ ಮೂಲಕ ನಿಮಗೆ ಕೊಡಲು ಹೆಸರು ಅಡ್ಡಿಯಾಗದು.

ನಿಜವಾದ ತೊಡಕು 17ನೇ ಸೆಕ್ಷನ್‌ನಲ್ಲಿದೆ. ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೃತಿಗೆ ಉದ್ಯೋಗದಾತರೇ ಮೊದಲ ಒಡೆಯರು. ಅಂದರೆ ಆ ಕೋಡ್ ಅನ್ನು ಕೊಡುವ ಹಕ್ಕು ಪ್ಯಾಚ್ ಕಳುಹಿಸಿದವರಿಗೇ ಇದೆಯೇ ಎಂಬುದನ್ನು ನೀವು ಕೇಳಲೇಬೇಕು, ಮತ್ತು ಅದನ್ನು ಹೆಸರು ಕೇಳದೆಯೂ ಕೇಳಬಹುದು. ಇನ್ನೊಂದು ಮಾತು: ಮುಂದೆ ಪರವಾನಗಿಯನ್ನು ಬದಲಿಸುವ ಯೋಚನೆಯಿದ್ದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಅವರು ಕಣ್ಮರೆಯಾದರೆ ಆ ಭಾಗವನ್ನು ಹೊಸದಾಗಿ ಬರೆಯದೆ ದಾರಿಯಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹೆಸರು ಕೇಳಿದ್ದನ್ನು ಹಿಂತೆಗೆದುಕೊಂಡು, ಈ ಕೆಲಸ ಅವರ ಉದ್ಯೋಗಕ್ಕೆ ಸಂಬಂಧಿಸಿದ್ದೇ ಎಂಬ ಒಂದು ಪ್ರಶ್ನೆಯನ್ನು ಕಳುಹಿಸುತ್ತಿದ್ದೇನೆ. ಅದೇ ಗುಪ್ತನಾಮದಲ್ಲಿ 'ಸೈನ್ಡ್-ಆಫ್-ಬೈ' ಸಾಲನ್ನು ಸೇರಿಸಲೂ ಕೋರುತ್ತೇನೆ. ಉತ್ತರ ಬರುವವರೆಗೆ ಸಂಧಿಯ ಭಾಗ ಮುಖ್ಯ ಕೋಡ್‌ಗೆ ಸೇರದೆ ಪ್ರತ್ಯೇಕ ಬ್ರಾಂಚ್‌ನಲ್ಲಿಯೇ ಇರುತ್ತದೆ.