ಎಳೆಗೂಸಿಗೆ ಚಕ್ರಮೊಗ್ಗಿನ ಕಷಾಯವೇ?

ದೊಡ್ಡಪ್ಪ (ಹಂಚಿದ ಸಂದೇಶ): "ಹಂದಿಜ್ವರದ ಮಾತ್ರೆ ತಯಾರಾಗುವುದೇ ಚಕ್ರಮೊಗ್ಗಿನಿಂದ! ದಿನಕ್ಕೊಂದು ಹೂವು ಕುದಿಸಿ ಕುಡಿದರೆ ಜ್ವರ ಹತ್ತಿರ ಸುಳಿಯದು. ಎಳೆಗೂಸಿಗೆ ಹೊಟ್ಟೆಯುಬ್ಬರವೇ? ಎರಡು ಚಮಚ ಕುಡಿಸಿ. ಎಲ್ಲರಿಗೂ ತಲುಪಿಸಿ."

ದೊಡ್ಡಪ್ಪ: ರೇಖಾ, ಮಗು ರಾತ್ರಿಯೆಲ್ಲ ಅಳುತ್ತದೆ ಎಂದಿದ್ದೆಯಲ್ಲ, ಇದನ್ನು ಮಾಡಿ ನೋಡು.

ರೇಖಾ: ಮನೆಯಲ್ಲಿ ಚಕ್ರಮೊಗ್ಗು ಇದೆ ದೊಡ್ಡಪ್ಪ. ಎಷ್ಟು ಹೊತ್ತು ಕುದಿಸಬೇಕು?

ವೀಣಾ: ರೇಖಾ, ಕುದಿಸಬೇಡ. ಮಗುವಿಗೆ ಒಂದು ಹನಿಯೂ ಬೇಡ. ದೊಡ್ಡಪ್ಪ, ದಯವಿಟ್ಟು ಈ ಸಂದೇಶವನ್ನು ಅಳಿಸಿ.

ದೊಡ್ಡಪ್ಪ: ಏಕಮ್ಮ? ಅಡುಗೆಮನೆಯ ಸಾಮಾನು ಅದು. ಅದರಲ್ಲಿ ವಿಷವಿದ್ದರೆ ಬಿರಿಯಾನಿ ತಿಂದವರೆಲ್ಲ ಆಸ್ಪತ್ರೆ ಸೇರಬೇಕಿತ್ತು.

ವೀಣಾ: ಬಿರಿಯಾನಿಗೆ ಹಾಕುವ ಚಕ್ರಮೊಗ್ಗು ವಿಷವಲ್ಲ. ಅದನ್ನೇ ಹೋಲುವ ಇನ್ನೊಂದು ಕಾಯಿ ಜಪಾನಿನಲ್ಲಿದೆ, ಹೆಸರು ಶಿಕಿಮಿ. ಅಲ್ಲಿ ಅದರ ಕೊಂಬೆಯನ್ನು ಸಮಾಧಿಗಳ ಮುಂದೆ ಇಡುತ್ತಾರೆ, ತೊಗಟೆಯಿಂದ ಧೂಪ ಮಾಡುತ್ತಾರೆ, ಯಾರೂ ತಿನ್ನುವುದಿಲ್ಲ. ಅದರಲ್ಲಿರುವ ಅನಿಸಾಟಿನ್ ಎಂಬ ವಿಷ ನೇರವಾಗಿ ನರಗಳ ಮೇಲೆ ಎರಗುತ್ತದೆ: ವಾಂತಿ, ನಡುಕ, ಅಪಸ್ಮಾರದಂತಹ ಸೆಳವು. ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಪುಡಿಯಾದರೆ ಮುಗಿಯಿತು, ಪ್ರಯೋಗಾಲಯವೇ ಹೇಳಬೇಕು.

ದೊಡ್ಡಪ್ಪ: ಜಪಾನಿನ ಕಾಯಿ ನಮ್ಮೂರಿನ ಸಂತೆಗೆ ಏಕೆ ಬರುತ್ತದೆ?

ವೀಣಾ: ನಮ್ಮ ಅಂಗಡಿಗಳಿಗೆ ಬರುವ ಚಕ್ರಮೊಗ್ಗೂ ನಮ್ಮೂರಿನದಲ್ಲವಲ್ಲ. ಆ ಮರದ ನಿಜವಾದ ನೆಲೆ ದಕ್ಷಿಣ ಚೀನಾದ ಗುವಾಂಗ್‌ಶಿ ಮತ್ತು ವಿಯೆಟ್ನಾಂನ ಉತ್ತರದ ಲಾಂಗ್ ಸನ್. ಅಲ್ಲಿಂದ ಹತ್ತಾರು ಕೈ ದಾಟಿ ಬರುವಾಗ ಎಲ್ಲಿ ಏನು ಬೆರೆಯಿತೆಂದು ಯಾರು ನೋಡುತ್ತಾರೆ? 2001ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹೀಗೆ ಕಲಬೆರಕೆಯಾದ ಗಿಡಮೂಲಿಕೆ ಚಹಾ ಕುಡಿದು 60ಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚಕ್ರಮೊಗ್ಗಿನ ಚಹಾವನ್ನು ಕುಡಿಯಬೇಡಿ ಎಂದು ಎಚ್ಚರಿಸಿತು. ಆಗ ಅಸ್ವಸ್ಥರಾಗಿದ್ದ ಸುಮಾರು 40 ಮಂದಿಯಲ್ಲಿ 15ರಷ್ಟು ಶಿಶುಗಳು. ಹೊಟ್ಟೆನೋವು ವಾಸಿಯಾಗಲೆಂದೇ ತಾಯಂದಿರು ಕುಡಿಸಿದ್ದರು ದೊಡ್ಡಪ್ಪ. ರೇಖಾ ಈಗ ಮಾಡಲು ಹೊರಟಿದ್ದೂ ಅದನ್ನೇ.

ರೇಖಾ: ಅಯ್ಯೋ. ಒಲೆ ಆರಿಸಿದೆ.

ದೊಡ್ಡಪ್ಪ: ಮಾತ್ರೆಯ ವಿಷಯವೂ ಸುಳ್ಳೇ? ಪತ್ರಿಕೆಯಲ್ಲಿ ನಾನೇ ಓದಿದ್ದೇನೆ.

ವೀಣಾ: ಅರ್ಧ ನಿಜ. ಚಕ್ರಮೊಗ್ಗಿನಿಂದ ತೆಗೆಯುವ ಶಿಕಿಮಿಕ್ ಆಮ್ಲ ಟ್ಯಾಮಿಫ್ಲೂ ಎಂಬ ಆ ಹಂದಿಜ್ವರದ ಮಾತ್ರೆಗೆ ಕಚ್ಚಾವಸ್ತು. 2005ರ ಹಕ್ಕಿಜ್ವರದ ಭೀತಿಯಲ್ಲಿ ಅದಕ್ಕೆ ಅಭಾವವೇ ಉಂಟಾಗಿತ್ತು. ಆದರೆ ಆ ಆಮ್ಲ ತಾನಾಗಿ ವೈರಾಣುವನ್ನು ತಡೆಯುವುದಿಲ್ಲ, ಕಾರ್ಖಾನೆಯಲ್ಲಿ ಅನೇಕ ಹಂತಗಳನ್ನು ದಾಟಿದ ಮೇಲಷ್ಟೇ ಔಷಧವಾಗುತ್ತದೆ. ಹತ್ತಿಕಾಯಿಯನ್ನು ಮೈಗೆ ಕಟ್ಟಿಕೊಂಡರೆ ಸೀರೆ ಉಟ್ಟಂತಾಗುತ್ತದೆಯೇ? ಈಗಂತೂ ಬ್ಯಾಕ್ಟೀರಿಯಾಗಳಿಂದಲೂ ಆ ಆಮ್ಲವನ್ನು ತಯಾರಿಸುತ್ತಾರೆ.

ಸುಮತಿ ಅತ್ತೆ: ಹಾಗಾದರೆ ನನ್ನ ಡಬ್ಬಿಯಲ್ಲಿರುವುದನ್ನು ಎಸೆಯಬೇಕೇ ವೀಣಾ? ಕುರ್ಮಾಕ್ಕೆ ಅದಿಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ವೀಣಾ: ಬೇಡ ಅತ್ತೆ. ನಂಬಿಕೆಯ ಅಂಗಡಿಯಿಂದ ಇಡೀ ಹೂವನ್ನೇ ತನ್ನಿ, ಪುಡಿ ಬೇಡ. ಮೂಗಿನ ಹತ್ತಿರ ಹಿಡಿದರೆ ಸೋಂಪಿನ ಸಿಹಿ ವಾಸನೆ ಬರಬೇಕು. ಸೋಂಪಿನಲ್ಲಿರುವ ಅನೆಥೋಲ್ ಎಂಬ ಸುವಾಸನೆಯ ಅಂಶ ಇದರಲ್ಲೂ ಇದೆ.

ಸುಮತಿ ಅತ್ತೆ: ವಾಸನೆ ನನಗೆ ಗೊತ್ತು. ಅರ್ಧ ಕಿಲೋ ಅಕ್ಕಿಗೆ ಒಂದೇ ಹೂವು ಸಾಕು, ಬಿಸಿ ಎಣ್ಣೆಗೆ ಮೊದಲು ಅದನ್ನೇ ಬಿಡಬೇಕು. ಎರಡಾದರೆ ಅನ್ನ ಔಷಧದ ಅಂಗಡಿಯಂತೆ ಘಮ್ಮೆನ್ನುತ್ತದೆ. ಬಡಿಸುವ ಮುನ್ನ ತೆಗೆದಿಡುತ್ತೇನೆ.

ಪ್ರಕಾಶ: ಹನೋಯ್‌ನಲ್ಲಿ ಫೋ ಎಂಬ ನೂಡಲ್ ಸಾರು ಕುಡಿದಿದ್ದೆ. ದನದ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿದ ಸಾರು. ಹುರಿದ ಚಕ್ರಮೊಗ್ಗು, ಚಕ್ಕೆ, ಸುಟ್ಟ ಈರುಳ್ಳಿ, ಸುಟ್ಟ ಶುಂಠಿ. ಬೆಳಿಗ್ಗೆ ಇಡೀ ಬೀದಿಯೇ ಘಮಘಮಿಸುತ್ತದೆ.

ದೊಡ್ಡಪ್ಪ: ನೋಡಿದಿರಾ, ಅಲ್ಲಿಯವರು ಬೆಳಿಗ್ಗೆ ಬೆಳಿಗ್ಗೆಯೇ ಸೇವಿಸುತ್ತಾರೆ. ಚೀನಾದವರು ಹೊಟ್ಟೆಯ ವಾಯುವಿಗೆ ಇದನ್ನು ಮದ್ದಾಗಿ ಬಳಸುತ್ತಾರೆಂದೂ ಓದಿದ್ದೇನೆ. ಪರಂಪರೆಗೆ ಬೆಲೆಯೇ ಇಲ್ಲವೇ?

ವೀಣಾ: ಬೆಲೆ ಇದೆ. ಊಟವಾದ ಮೇಲೆ ಹೊಟ್ಟೆ ಹಗುರಾಗಲೆಂದು ದೊಡ್ಡವರು ಕುಡಿಯುವುದು ಹಳೆಯ ಪದ್ಧತಿಯೇ. ಆದರೆ ಆ ಪದ್ಧತಿ ಬೆಳೆದದ್ದು ಮರವನ್ನು ಕಣ್ಣಾರೆ ಕಂಡವರ ನಡುವೆ. ನಮ್ಮ ಕೈಗೆ ಬರುವುದು ಪೊಟ್ಟಣ. ಐದು ಕಿಲೋ ತೂಕದ ಕೂಸಿಗೆ ಎರಡು ಚಮಚ ಎಂದು ಬರೆದವನು ಯಾರು? ಹೆಸರಿಲ್ಲ, ಊರಿಲ್ಲ. ಅವನ ಮಾತಿಗೆ ನಮ್ಮ ರೇಖಾಳ ಮಗುವನ್ನು ನಾನು ಒಪ್ಪಿಸಲಾರೆ.

ದೊಡ್ಡಪ್ಪ: ಸರಿ, ಅಳಿಸುತ್ತೇನೆ. ನೆಗಡಿಯಾದಾಗ ಮೆಣಸು, ಶುಂಠಿಯ ಜೊತೆ ಒಂದು ಹೂವು ಹಾಕಿ ಕುಡಿಯುವುದನ್ನು ಮಾತ್ರ ನಾನು ಬಿಡುವುದಿಲ್ಲ.

ವೀಣಾ: ಅದು ನಿಮ್ಮ ಇಷ್ಟ. ಇಡೀ ಹೂವನ್ನು ಮೂಸಿ ನೋಡಿ ಹಾಕಿ. ಈ ಸಂದೇಶವನ್ನು ಬೇರೆ ಗುಂಪುಗಳಿಗೂ ಕಳುಹಿಸಿದ್ದೀರಾ?

ದೊಡ್ಡಪ್ಪ: ಬೆಳಗಿನ ವಾಯುವಿಹಾರದವರಿಗೆ, ಭಜನಾ ಮಂಡಳಿಗೆ.

ವೀಣಾ: ಅಲ್ಲಿ ಮೊಮ್ಮಕ್ಕಳನ್ನು ಆಡಿಸುವವರೇ ಹೆಚ್ಚು. ಅಳಿಸಿದರೆ ಸಾಲದು ದೊಡ್ಡಪ್ಪ, ಮಕ್ಕಳಿಗೆ ಕೊಡಬೇಡಿ ಎಂದು ನೀವೇ ಬರೆಯಿರಿ. ನಿಮ್ಮ ಮಾತನ್ನು ಅವರು ಕೇಳುತ್ತಾರೆ.

ದೊಡ್ಡಪ್ಪ: ಬರೆಯುತ್ತಿದ್ದೇನೆ. ಆ ವಿಷದ ಹೆಸರನ್ನು ಇನ್ನೊಮ್ಮೆ ಹೇಳು.

ವೀಣಾ: ಅನಿಸಾಟಿನ್.

ರೇಖಾ: ಸಂಜೆ ನಾಲ್ಕಕ್ಕೆ ಮಕ್ಕಳ ವೈದ್ಯರ ಬಳಿ ಸಮಯ ಸಿಕ್ಕಿದೆ. ಹೋಗಿ ಬಂದು ತಿಳಿಸುತ್ತೇನೆ.